ಒಂಬತ್ತು ಬಾಟಲಿ ಎಂಜಲು

ಆಸ್ಪತ್ರೆಯವರೆಲ್ಲ ಬೆನ್ನ ಹಿಂದೆ ಅವಳನ್ನು ಕಫದಮ್ಮ ಎನ್ನುತ್ತಿದ್ದರು. ಅದು ಅವಳ ಕಿವಿಗೂ ಬಿದ್ದಿತ್ತು. ಬೇಸರವೇನೂ ಆಗಿರಲಿಲ್ಲ. ಹದಿನೆಂಟು ವರ್ಷದಿಂದ ಜನರ ಎದೆಯೊಳಗಿಂದ ಬಂದದ್ದನ್ನು ಗಾಜಿನ ಸ್ಲೈಡಿನ ಮೇಲೆ ಹರಡಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನ ಕೆಳಗಿಟ್ಟು ನೋಡುವುದೇ ಅವಳ ಕೆಲಸ. ರಕ್ತ ನೋಡುವವರು ಲ್ಯಾಬಿನ ಮುಂದಿನ ಕೋಣೆಯಲ್ಲಿ ಕೂರುತ್ತಿದ್ದರು, ಅವರಿಗೆ ಎರಡು ಕಿಟಕಿ. ಇವಳದು ಕೊನೆಯ ಕೋಣೆ, ಪಾಯಿಖಾನೆಯ ಪಕ್ಕ. ರಕ್ತ ಅಂದರೆ ಜನಕ್ಕೆ ಭಯಭಕ್ತಿ, ಕಫ ಅಂದರೆ ವಾಕರಿಕೆ. ರೋಗಿಗಳೂ ಅಷ್ಟೇ, ತಮ್ಮದೇ ಕಫದ ಬಾಟಲಿಯನ್ನು ಪಕ್ಕದ ಮನೆಯವರದೇನೋ ಎಂಬಂತೆ ಮುಖ ಆ ಕಡೆ ತಿರುಗಿಸಿ ಮೇಜಿನ ಮೇಲಿಟ್ಟು ಓಡುತ್ತಿದ್ದರು. ಇದನ್ನೆಲ್ಲ ನೋಡಿ ನೋಡಿ ಅವಳಿಗೆ ಜನರ ಮೇಲೆ ಅಂಥ ಮರ್ಯಾದೆಯೇನೂ ಉಳಿದಿರಲಿಲ್ಲ. ಕಫದ ಮೇಲೆ ಇತ್ತು.

ಒಂದು ಸೋಮವಾರ ಬೆಳಿಗ್ಗೆ ಆ ಕೋಣೆಗೆ ಅವಳ ಭಾವ ಬಂದ. ಅಕ್ಕನ ಗಂಡ. ಊರಲ್ಲಿ ಹೆಸರಾದ ಪೇಂಟಿಂಗ್ ಗ್ಯಾರೇಜಿನ ಮಾಲೀಕ. ಕಾರು, ವ್ಯಾನು, ಲಾರಿ, ಎಂಥದೇ ಜಜ್ಜಿಹೋದ ಗಾಡಿ ತಂದರೂ ಹೊಸದರ ಹಾಗೆ ಮಾಡಿ ಕೊಡುತ್ತೇನೆ ಎಂದು ಬೀಗುವವನು. ನಾದಿನಿ ಎಲ್ಲಿ ಕೆಲಸ ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ "ಆಸ್ಪತ್ರೆಯಲ್ಲಿ" ಎಂದಷ್ಟೇ ಹೇಳಿ ಮಾತು ಮರೆಸುವವನು. ಇವತ್ತು ಮೂಗಿಗೆ ಕರವಸ್ತ್ರ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ ಚೀಲವನ್ನು ಮೈಯಿಂದ ಮಾರು ದೂರ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ.

"ಏನಮ್ಮ, ಚೆನ್ನಾಗಿದ್ಯಾ? ಒಂದು ಸಣ್ಣ ಕೆಲಸ ಇತ್ತು."

ಚೀಲದಲ್ಲಿ ಒಂಬತ್ತು ಬಾಟಲಿ. ಒಂದೊಂದರ ಮೇಲೂ ಅವನ ಗ್ಯಾರೇಜಿನ ಒಬ್ಬೊಬ್ಬ ಕೆಲಸಗಾರನ ಹೆಸರಿನ ಚೀಟಿ. ಊರಿನ ಬಸ್ಸುಗಳಿಗೆಲ್ಲ ಬಣ್ಣ ಹೊಡೆಯುವ ಗುತ್ತಿಗೆ ಅವನಿಗೆ ಸಿಗುವುದರಲ್ಲಿತ್ತು. ಕೆಲಸಗಾರರ ಎದೆ ನೆಟ್ಟಗಿದೆ ಎಂದು ಆಸ್ಪತ್ರೆಯಿಂದ ಒಂದು ಕಾಗದ ಬೇಕೆಂದು ಸಾರಿಗೆ ಕಚೇರಿಯವರು ಕೇಳಿದ್ದರು. ಎಕ್ಸ್‌ರೇ ಆಮೇಲೆ ನೋಡೋಣ, ಮೊದಲು ಕಫದ ಪರೀಕ್ಷೆ ಆಗಲಿ ಎಂದಿದ್ದರಂತೆ.

ಅವಳು ಒಂದು ಬಾಟಲಿ ಎತ್ತಿ ಬೆಳಕಿಗೆ ಹಿಡಿದಳು. ನೀರಿನ ಹಾಗೆ ತಿಳಿಯಾಗಿ, ಮೇಲೆ ಒಂದಿಷ್ಟು ನೊರೆ.

"ಇದು ಕಫ ಅಲ್ಲ ಭಾವ. ಎಂಜಲು."

"ಉಗುಳಿದ್ದೆಲ್ಲ ಒಂದೇ ಅಲ್ವೇನಮ್ಮ? ಅವರ ಎದೇಲಿ ಕಫ ಇಲ್ಲದೇ ಇದ್ರೆ ಎಲ್ಲಿಂದ ತರ್ತಾರೆ? ನಮ್ಮ ಹುಡುಗರು ಕಲ್ಲು ಕಲ್ಲಿನ ಥರ ಇದ್ದಾರೆ."

"ದಿನಾ ಪುಟ್ಟಿ ತಿಕ್ಕೋರು, ಬಣ್ಣಕ್ಕೆ ಬೆರೆಸೋ ಥಿನ್ನರ್ ವಾಸನೆ ಕುಡಿಯೋರು. ಅವರ ಎದೇಲಿ ಕಫ ಇಲ್ವಾ?"

"ನೀನೊಬ್ಬಳು! ನಮ್ಮನೆಯವಳಾಗಿ ನೀನೇ ಹಿಂಗಂದ್ರೆ ಹೆಂಗೆ?" ಎಂದು ಹಲ್ಲು ಗಿಂಜಿದ. ಹದಿನೆಂಟು ವರ್ಷದಲ್ಲಿ ಅವಳು ಅವನಿಗೆ ಮನೆಯವಳಾಗಿ ಕಂಡದ್ದು ಅದೇ ಮೊದಲು. ಅವಳು ಬೇರೆ ಮಾತಾಡುವ ಮುಂಚೆ ಅವನು ಅತ್ತ ದೊಡ್ಡ ಡಾಕ್ಟರ ಕೋಣೆಗೆ ನುಗ್ಗಿಯಾಗಿತ್ತು. ಹತ್ತು ನಿಮಿಷಕ್ಕೆ ಅಲ್ಲಿಂದ ಹೇಳಿಕಳಿಸಿದರು: ಇವರದನ್ನು ಇವತ್ತೇ ಮುಗಿಸಿಬಿಡಿ.

ಮುಗಿಸಲು ಕೂತಳು. ಒಂಬತ್ತು ಸ್ಲೈಡು ಮಾಡಿದಳು. ನಿಜವಾದ ಕಫವಾದರೆ ಅದರಲ್ಲಿ ಧೂಳು ತಿನ್ನುವ ಜೀವಕೋಶಗಳು ಇರಲೇಬೇಕು. ಶ್ವಾಸಕೋಶದ ತಳದಲ್ಲಿ ಓಡಾಡಿಕೊಂಡು, ಒಳಗೆ ಬಂದ ಕಸವನ್ನು ನುಂಗಿ, ಕಫದ ಜೊತೆ ಮೇಲೆ ಬರುವಂಥವು. ಊರಿನ ರಸ್ತೆಯಲ್ಲಿ ಸುಮ್ಮನೆ ನಡೆದು ಹೋಗುವವನ ಕಫದಲ್ಲೂ ನಾಲ್ಕಾರು ಸಿಗುತ್ತವೆ. ಇಲ್ಲಿ ಒಂದಾದರೂ ಇರಲಿಲ್ಲ. ಬರೀ ಕೆನ್ನೆಯ ಒಳಗಿಂದ ಉದುರಿದ ಚಪ್ಪಟೆ ಜೀವಕೋಶಗಳು. ಎದೆಯ ಬಾಗಿಲನ್ನೂ ನೋಡದ ಬಾಯಿಯ ನೀರು.

ಇಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಮೂರನೆಯ ಸ್ಲೈಡಿನಲ್ಲಿ ಅವಳ ಕಣ್ಣು ನಿಂತಿತು. ಹೆಂಗಸರ ಜೀವಕೋಶಗಳನ್ನು ಹೀಗೆ ಬಣ್ಣ ಹಾಕಿ ನೋಡಿದರೆ, ಅವುಗಳಲ್ಲಿ ಎಷ್ಟೋ ಕೋಶಗಳ ನಡುವಿನ ಬೀಜದ ಅಂಚಿಗೆ ಒಂದು ಸಣ್ಣ ಕಪ್ಪು ಚುಕ್ಕೆ ಅಂಟಿಕೊಂಡಿರುತ್ತದೆ. ಗಂಡಸರದರಲ್ಲಿ ಇರುವುದಿಲ್ಲ. ಅದು ಇಲ್ಲಿ ಕಾಣಿಸಿತು. ಅವಳು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. ನಾಲ್ಕನೆಯದರಲ್ಲೂ ಚುಕ್ಕೆ, ಐದನೆಯದರಲ್ಲೂ ಚುಕ್ಕೆ. ಒಂಬತ್ತರವರೆಗೂ ಹಾಗೇ. ಮೊದಲೆರಡರಲ್ಲಿ ಮಾತ್ರ ಇಲ್ಲ.

ಗ್ಯಾರೇಜಿನಲ್ಲಿ ಹೆಂಗಸರೆಂದು ಒಬ್ಬರೂ ಇರಲಿಲ್ಲ. ಮೊದಲೆರಡು ಬಾಟಲಿ ಗಂಡಸಿನ ಬಾಯಿ, ಆಮೇಲಿನ ಏಳು ಹೆಂಗಸಿನ ಬಾಯಿ. ಎರಡಕ್ಕೇ ಬಾಯಿ ಒಣಗಿ, ಇನ್ನು ನೀನು ಮಾಡು ಎಂದು ಹೆಂಡತಿಯ ಕೈಗೆ ಬಾಟಲಿ ಕೊಡುವ ಗಂಡಸು ಯಾರು ಎಂದು ಅವಳು ಹೆಚ್ಚು ಹೊತ್ತು ಯೋಚಿಸಬೇಕಾಗಲಿಲ್ಲ. ಒಬ್ಬಳೇ ಕೂತು ಜೋರಾಗಿ ನಕ್ಕಳು. ರಕ್ತದ ಕೋಣೆಯವರು ಬಂದು ಇಣುಕಿ ಹೋದರು.

ದೊಡ್ಡ ಡಾಕ್ಟರ ಮುಂದೆ ಹೋಗಿ ನಿಂತಳು. ಅವರು ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಎಷ್ಟು ವರ್ಷವಾಯಿತೋ ಅವರಿಗೇ ನೆನಪಿರಲಿಲ್ಲ. ಅವರ ಕಣ್ಣಿಗಿಂತ ಅವರ ಪೆನ್ನು ಹೆಚ್ಚು ಕೆಲಸ ಮಾಡುತ್ತಿತ್ತು.

"ಸರ್, ಒಂಬತ್ತು ಜನ ಪೇಂಟರುಗಳಲ್ಲಿ ಏಳು ಜನ ಹೆಂಗಸರು ಅಂತ ರಿಪೋರ್ಟ್ ಬರೀಲಾ?"

ಅವಳು ವಿವರಿಸಿದಳು. ಡಾಕ್ಟರು ತಲೆ ಕೆರೆದುಕೊಂಡರು.

"ನಿಮ್ಮ ಭಾವ ಅಂತೆ. ಮನೆ ಮಂದಿಯ ವಿಷಯ, ನೀವೇ ಯಾಕೆ ಎಳೆದಾಡ್ತೀರಿ? ದೋಷ ಇಲ್ಲ ಅಂತ ಬರೀರಿ, ನಾನು ಸೈನ್ ಹಾಕ್ತೀನಿ."

"ದೋಷ ಇಲ್ಲ ನಿಜ. ನಮ್ಮಕ್ಕನ ಬಾಯಲ್ಲಿ ಯಾವ ದೋಷಾನೂ ಇಲ್ಲ. ಪೇಂಟರುಗಳ ಎದೆಯದು ಹೇಳಬೇಕಲ್ಲ? ನಾನೇ ಹೋಗಿ ಬೇರೆ ತರ್ತೀನಿ."

"ಏನಾದ್ರೂ ಮಾಡ್ಕೊಳ್ಳಿ. ನನ್ನ ಹೆಸರು ಮಧ್ಯ ತರಬೇಡಿ," ಎಂದು ಅವರು ಫೋನು ಎತ್ತಿಕೊಂಡರು. ಅದು ರಿಂಗಾಗಿರಲೇ ಇಲ್ಲ.

ಕಫಕ್ಕೆ ಬೆಳಗಿನ ಹೊತ್ತು ಒಳ್ಳೆಯದು. ಮರುದಿನ ಗ್ಯಾರೇಜಿನ ಬಾಗಿಲು ತೆಗೆಯುವ ಹೊತ್ತಿಗೆ ಅವಳು ಒಂಬತ್ತು ಖಾಲಿ ಬಾಟಲಿ ಹಿಡಿದು ಅಲ್ಲಿದ್ದಳು. ಭಾವ ಇನ್ನೂ ಬಂದಿರಲಿಲ್ಲ. ಅವನು ಬರುವುದು ಹತ್ತಕ್ಕೆ, ಬಂದರೂ ಗಾಜಿನ ಕೋಣೆಯೊಳಗೆ ಏಸಿ ಹಾಕಿಕೊಂಡು ಕೂರುವುದೇ ಹೊರತು ಕೆಲಸದ ಜಾಗಕ್ಕೆ ಇಳಿಯುವವನಲ್ಲ.

ತಗಡಿನ ಮಾಡಿನ ಕೆಳಗೆ, ಜಜ್ಜಿದ ಕಡೆ ಮಟ್ಟ ಮಾಡಲು ಒಂದು ವ್ಯಾನಿನ ಮೈಗೆ ಹಚ್ಚಿ ಒಣಗಿದ ಪುಟ್ಟಿಯನ್ನು ಇಬ್ಬರು ಉಜ್ಜು ಕಾಗದದಿಂದ ತಿಕ್ಕುತ್ತಿದ್ದರು. ಗುಲಾಬಿ ಬಣ್ಣದ ನವಿರು ಪುಡಿ ಅವರ ರೆಪ್ಪೆ, ಹುಬ್ಬು, ಮೂಗಿನ ಹೊಳ್ಳೆಗಳಲ್ಲೆಲ್ಲ ಕೂತಿತ್ತು. ಆಚೆ ಪ್ಲಾಸ್ಟಿಕ್ ಹಾಳೆ ಇಳಿಬಿಟ್ಟು ಮಾಡಿದ ಸ್ಪ್ರೇ ಕೋಣೆ. ಗೋಡೆಯಲ್ಲಿ ಗಾಳಿ ಹೊರಗೆಳೆಯುವ ಫ್ಯಾನು ಇತ್ತು, ಆದರೆ ಅದರ ವೈರನ್ನು ಕಿತ್ತು ಸುತ್ತಿ ಮೇಲೆ ಕಟ್ಟಿದ್ದರು. ಫ್ಯಾನು ಹಾಕಿದರೆ ಧೂಳು ಹಾರಿ ಹಸಿ ಬಣ್ಣದ ಮೇಲೆ ಕೂರುತ್ತದೆ, ಮಿಂಚು ಹಾಳಾಗುತ್ತದೆ ಎಂದು ಮಾಲೀಕರ ಅಪ್ಪಣೆ. ಗಾಡಿಯ ಮೇಲೆ ಧೂಳು ಕೂರಬಾರದು. ಕೂರುವುದಿದ್ದರೆ ಇನ್ನೆಲ್ಲಾದರೂ ಕೂರಲಿ.

ಅವಳು ಬಾಟಲಿ ಎದುರಿಗಿಟ್ಟದ್ದೇ ಗಂಡಸರೆಲ್ಲ ಮದುಮಕ್ಕಳ ಹಾಗೆ ನಾಚಿಕೊಂಡರು. ಕೊನೆಗೆ ಪುಟ್ಟಿ ತಿಕ್ಕುವವನೊಬ್ಬ ಬಾಯಿ ಬಿಟ್ಟ.

"ಮೇಡಂ, ನಮ್ಮದನ್ನ ನೋಡೋದಕ್ಕೆ ಮಿಷನ್ ಬೇರೆ ಬೇಕಾ? ಯಾವ ಬಣ್ಣ ಹೊಡೆದ್ವಿ ಅಂತ ಬಚ್ಚಲಲ್ಲಿ ಉಗುಳಿದ್ದು ನೋಡಿದ್ರೆ ಗೊತ್ತಾಗುತ್ತೆ. ಹೋದ ತಿಂಗಳು ಪೂರ್ತಿ ನೀಲಿ."

ಎಲ್ಲರೂ ನಕ್ಕರು. ನಕ್ಕರೂ ಯಾರಿಗೂ ಕೆಮ್ಮು ಬರಲಿಲ್ಲ. ಅದು ಅವಳಿಗೆ ವಿಚಿತ್ರವೆನಿಸಿತು. ಇಂಥ ಧೂಳಿನಲ್ಲಿ ಹೀಗೆ ನಕ್ಕವರು ಕೆಮ್ಮಿ ಕೆಮ್ಮಿ ಬಾಗಿಹೋಗಬೇಕಿತ್ತು.

"ಕೆಮ್ಮು ಎಲ್ಲಿ ಹೋಯ್ತು?"

"ಸಾಹೇಬ್ರು ಮಾತ್ರೆ ಕೊಡ್ತಾ ಇದ್ದಾರಲ್ಲ! ಸಾರಿಗೆ ಕಚೇರಿಯವರು ಯಾವತ್ತು ಬೇಕಾದ್ರೂ ನೋಡೋಕೆ ಬರಬಹುದಂತೆ. ಅವರ ಮುಂದೆ ಯಾರೂ ಕೆಮ್ಮಂಗಿಲ್ಲ, ಕ್ಯಾಕರಿಸಂಗಿಲ್ಲ. ಬೆಳಿಗ್ಗೆ ಎರಡು, ಸಾಯಂಕಾಲ ಎರಡು. ಒಂದು ವಾರ ಆಯ್ತು. ಬಾಯಿ ಒಣಗುತ್ತೆ, ನಿದ್ದೆ ಎಳೆಯುತ್ತೆ, ಆದ್ರೆ ಕೆಮ್ಮು ನಿಂತಿದೆ."

ಅವನು ತೋರಿಸಿದ ಮಾತ್ರೆಯ ಹಾಳೆ ನೋಡಿದಳು. ನೆಗಡಿಗೆ ಕೊಡುವ, ಮೂಗು ಸೋರುವುದನ್ನು ಒಣಗಿಸುವ ಹಳೇ ಮಾತ್ರೆ. ಅದೂ ಎರಡರಷ್ಟು.

"ಗನ್ ಮೇಸ್ತ್ರಿಗೆ ಮಾತ್ರ ಮೂರು ಮೂರು," ಎಂದ ಇನ್ನೊಬ್ಬ. "ಅವರ ಕೆಮ್ಮು ಎರಡಕ್ಕೆ ಬಗ್ಗಲಿಲ್ಲ."

ಗನ್ ಮೇಸ್ತ್ರಿ ಎಂದರೆ ಅಲ್ಲಿನ ಹಿರಿಯ ಪೇಂಟರು. ಇಪ್ಪತ್ತೇಳು ವರ್ಷದಿಂದ ಸ್ಪ್ರೇ ಗನ್ನು ಹಿಡಿದವರು, ಅದಕ್ಕೇ ಆ ಹೆಸರು. ಪ್ಲಾಸ್ಟಿಕ್ ಹಾಳೆಯ ಹಿಂದೆ ಬಣ್ಣದ ಡಬ್ಬದ ಮೇಲೆ ಕೂತಿದ್ದರು. ಎರಡೂ ಕೈಗಳನ್ನು ಮೊಣಕಾಲಿಗೆ ಊರಿ, ಭುಜ ಮೇಲೆತ್ತಿ, ಒಂದೊಂದು ಉಸಿರನ್ನೂ ಆಳದ ಬಾವಿಯಿಂದ ನೀರು ಸೇದುವಂತೆ ಸೇದುತ್ತಿದ್ದರು. ತುಟಿಗೆ ನೀಲಿ ಬಂದಿತ್ತು. ಅದು ಪೇಂಟಿನ ನೀಲಿಯಲ್ಲ.

"ಮೇಸ್ತ್ರಿ, ಯಾವಾಗಿಂದ ಹೀಗೆ?"

"ಮೂರು ದಿನ ಆಯ್ತಮ್ಮ. ಕಫ ಪೂರ್ತಿ ನಿಂತೋಯ್ತು, ಒಳ್ಳೇದೇ ಆಯ್ತು ಅಂದ್ಕೊಂಡೆ. ಆದ್ರೆ ಬಲಗಡೆ ಎದೆ ಮೇಲೆ ಯಾರೋ ಕೂತಂಗಿದೆ. ಆ ಕಡೆ ಗಾಳಿನೇ ಹೋಗ್ತಿಲ್ಲ."

"ಕಫ ನಿಂತಿಲ್ಲ ಮೇಸ್ತ್ರಿ. ಒಳಗೇ ಗೋಂದಾಗಿ ಕೂತಿದೆ." ಸಿಟ್ಟಿಗೆ ಅವಳ ದನಿ ಏರಿತು. "ಕಫ ಹೊಲಸು ಅಂತೀರಲ್ಲ ಎಲ್ಲರೂ, ಅದು ಹೊಲಸಲ್ಲ. ನೀವು ಎಳೆದುಕೊಂಡ ಹೊಲಸನ್ನ ಅಂಟಿಸಿಕೊಂಡು ಹೊರಗೆ ತರೋದೇ ಅದು. ಉಸಿರು ಕೊಳವೆ ಒಳಗೆ ಸಣ್ಣ ಸಣ್ಣ ರೋಮ ಇರುತ್ತೆ. ಗದ್ದೇಲಿ ಪೈರು ಗಾಳಿಗೆ ಆಡುತ್ತಲ್ಲ, ಹಾಗೆ ಆಡ್ತಾ ಆಡ್ತಾ ಕಫಾನ ಮೇಲೆ ತಳ್ಳುತ್ತೆ. ಧೂಳು, ಹೊಗೆ ಜಾಸ್ತಿ ಆದಷ್ಟೂ ಮೈ ಕಫಾನ ಜಾಸ್ತಿ ಮಾಡುತ್ತೆ, ಇನ್ನೇನು ಮಾಡೀತು ಪಾಪ. ಥಿನ್ನರು ಆ ರೋಮಾನ ಸುಟ್ಟು ಹಾಕುತ್ತೆ. ಆಮೇಲೆ ಉಳಿಯೋದು ಕೆಮ್ಮು ಒಂದೇ. ಆ ಕೆಮ್ಮನ್ನೂ ನಿಲ್ಲಿಸಿ, ಇದ್ದ ಕಫಾನೂ ಒಣಗಿಸಿದ್ರೆ ಹೊರಗೆ ಬರೋದು ಯಾವ ದಾರೀಲಿ?"

ಮೇಸ್ತ್ರಿ ಏನೋ ಹೇಳಲು ಹೋದರು, ಉಸಿರು ಸಾಲಲಿಲ್ಲ. ಅವಳು ಇಬ್ಬರನ್ನು ಕರೆದು ಅವರನ್ನು ಎಬ್ಬಿಸಿದಳು. ಅಷ್ಟರಲ್ಲಿ ಯಾರೋ ಫೋನು ಮಾಡಿದ್ದರೆಂದು ಕಾಣುತ್ತದೆ, ಭಾವನ ಕಾರು ಬಂದು ಬಾಗಿಲಿಗೆ ಅಡ್ಡ ನಿಂತಿತು.

"ಇದೇನಿದು? ಕೆಲಸದ ಹೊತ್ತಲ್ಲಿ ಮೆರವಣಿಗೆ? ಮೇಸ್ತ್ರಿ ಇಲ್ದೇ ಇವತ್ತು ಗನ್ ಹಿಡಿಯೋರು ಯಾರು?"

"ನೀವು ಹಿಡೀರಿ ಭಾವ."

"ಏನಂದೆ?"

"ಗನ್ ನೀವು ಹಿಡೀರಿ ಅಂದೆ. ಒಂದು ಅರ್ಧ ಗಂಟೆ. ಆಮೇಲೆ ಬಾಟಲಿ ಕೊಡ್ತೀನಿ, ಅದರಲ್ಲಿ ಉಗುಳಿ. ಎರಡು ಬಾಟಲಿಗೇ ಸುಸ್ತಾಗಲ್ಲ, ನೋಡ್ತಾ ಇರಿ. ಧಾರಾಳವಾಗಿ ಬರುತ್ತೆ."

ಭಾವನ ಮುಖ ಹುಳ್ಳಗಾಯಿತು. ಕೆಲಸಗಾರರಿಗೆ ಮಾತಿನ ಅರ್ಥ ಆಗಲಿಲ್ಲ, ಆದರೆ ಮಾಲೀಕನ ಮುಖ ನೋಡಿ ಏನೋ ಇದೆ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವಳು "ಕಾರು ತೆಗೀರಿ" ಎಂದಳು. ಅವನು ತೆಗೆದ. ಅದೇ ಕಾರಿನಲ್ಲಿ ಮೇಸ್ತ್ರಿಯನ್ನು ಕರೆದುಕೊಂಡು ಹೋಗಬಹುದಿತ್ತು. ಸೀಟು ಹಾಳಾದೀತು ಎಂದೋ ಏನೋ, ಅವನ ಬಾಯಿಂದ ಆ ಮಾತು ಬರಲಿಲ್ಲ. ಅವಳೂ ಕೇಳಲಿಲ್ಲ. ಆಟೋದಲ್ಲೇ ಹೋದರು.

ಎಕ್ಸ್‌ರೇಯಲ್ಲಿ ಮೇಸ್ತ್ರಿಯ ಬಲ ಶ್ವಾಸಕೋಶದ ಕೆಳಭಾಗ ಬಿಳಿ ಗೋಡೆಯಾಗಿತ್ತು. ಎದೆಯ ಡಾಕ್ಟರು ಗಂಟಲಿನೊಳಗೆ ಸಣ್ಣ ನಳಿಕೆ ಇಳಿಸಿ, ಒಂದು ಗಂಟೆ ಹೆಣಗಾಡಿ, ಅಡ್ಡ ಕೂತದ್ದನ್ನು ಎಳೆದು ತೆಗೆದರು. ಅದು ಲ್ಯಾಬಿಗೆ ಅವಳ ಮೇಜಿಗೇ ಬಂತು. ಬೆರಳುದ್ದದ, ರಬ್ಬರಿನಂಥ ಬೂದು ಗಟ್ಟಿ. ಉಸಿರು ಕೊಳವೆಗಳ ಅಚ್ಚು ತೆಗೆದ ಹಾಗೆ ಕವಲು ಕವಲಾಗಿ, ಬೇರು ಬೇರಾಗಿತ್ತು. ಅದರುದ್ದಕ್ಕೂ ಅಲ್ಲಲ್ಲಿ ನೀಲಿ ಎಳೆ. ತುಣುಕು ಕತ್ತರಿಸಿ ಸ್ಲೈಡು ಮಾಡಿ ನೋಡಿದಳು. ಧೂಳು ತಿನ್ನುವ ಕೋಶಗಳು ನೂರುಗಟ್ಟಲೆ, ಒಂದೊಂದೂ ಹೊಟ್ಟೆ ಬಿರಿಯುವಷ್ಟು ಬಣ್ಣದ ಕಣ ನುಂಗಿ ಸತ್ತುಬಿದ್ದಿದ್ದವು. ಸುತ್ತ ಹಗ್ಗ ಹೊಸೆದಂತೆ ತಿರುಚಿಕೊಂಡ ಕಫದ ಸುರುಳಿಗಳು. ಎಷ್ಟು ಸುರಿದಿದೆ, ಎಷ್ಟು ಹಿಡಿದಿದೆ, ಎಷ್ಟು ಒದ್ದಾಡಿದೆ! ಇಡೀ ಗ್ಯಾರೇಜಿನಲ್ಲಿ ಸುಳ್ಳು ಹೇಳದೆ ಕೆಲಸ ಮಾಡಿದ್ದು ಇದೊಂದೇ ಎಂದುಕೊಂಡಳು. ಅದನ್ನೂ ಮಾತ್ರೆ ಹಾಕಿ ಕಟ್ಟಿಹಾಕಿದ್ದರು, ಸೂಟು ಹಾಕಿಕೊಂಡು ಬರುವ ನಾಲ್ಕು ಜನರ ಕಿವಿಗೆ ಇರುಸುಮುರುಸು ಆಗದಿರಲಿ ಎಂದು.

ಸಂಜೆ ಕೆಲಸ ಮುಗಿಸಿ ನೇರ ಅಕ್ಕನ ಮನೆಗೆ ಹೋದಳು. ಅಕ್ಕನ ಮನೆ ಎಂದರೆ ನೆಲದಲ್ಲಿ ಮುಖ ನೋಡಿಕೊಳ್ಳಬಹುದು. ಸೋಫಾದ ಮೇಲೆ ಬಿಳಿ ಹೊದಿಕೆ, ಹೊದಿಕೆಯ ಮೇಲೆ ಪ್ಲಾಸ್ಟಿಕ್ಕು. ತಂಗಿ ಬಂದಾಗ ಅಕ್ಕ ಕಾಫಿ ಕೊಡುವುದು ಹಿಡಿಯಲ್ಲಿ ಸಣ್ಣ ಬಿರುಕಿರುವ ಒಂದು ಹಸಿರು ಲೋಟದಲ್ಲಿ. ಬೇರೆ ಯಾರೂ ಆ ಲೋಟದಲ್ಲಿ ಕುಡಿದದ್ದನ್ನು ಅವಳು ನೋಡಿರಲಿಲ್ಲ. ಅವತ್ತೂ ಅದೇ ಲೋಟ ಬಂತು.

"ಅಕ್ಕ, ಏಳು ಬಾಟಲಿಗೂ ನೀನೊಬ್ಬಳೇ ಉಗುಳಿದ್ಯಾ?"

ಅಕ್ಕ ಲೋಟ ಕೆಳಗಿಟ್ಟ ರಭಸಕ್ಕೆ ಒಂದಿಷ್ಟು ಕಾಫಿ ನೆಲಕ್ಕೆ ಚೆಲ್ಲಿತು. ತಕ್ಷಣ ಬಟ್ಟೆ ತಂದು ಒರೆಸತೊಡಗಿದಳು. ಒರೆಸುತ್ತಲೇ, "ಯಾವ ಬಾಟಲಿ?" ಎಂದಳು.

"ಹೆಂಗಸರ ಬಾಯಿ ಅಂತ ಮೈಕ್ರೋಸ್ಕೋಪಲ್ಲಿ ಕಾಣುತ್ತೆ. ಭಾವನಿಗೆ ಗೊತ್ತಿರಲಿಲ್ಲ, ಪಾಪ."

ಅಕ್ಕ ನೆಲ ಒರೆಸುವುದನ್ನು ನಿಲ್ಲಿಸಿ ಅಲ್ಲೇ ಕೂತಳು.

"ನಿಮ್ಮ ಭಾವನೇ ಶುರು ಮಾಡಿದ್ರು ಕಣೆ. ಎರಡು ಬಾಟಲಿ ಆಗೋ ಹೊತ್ತಿಗೆ ಗಂಟಲು ಕೆಟ್ಟೋಯ್ತು ಅಂದ್ರು. ಹುಣಸೆಹಣ್ಣು ನೆನೆಸ್ಕೊಂಡು ಉಗುಳೇ ಅಂದ್ರು. ನನಗೆ ಎಷ್ಟು ಅಸಹ್ಯ ಆಯ್ತು ಗೊತ್ತಾ? ಆಮೇಲೆ ಮೂರು ಸಲ ಹಲ್ಲುಜ್ಜಿದೆ."

"ನಿನ್ನದೇ ಎಂಜಲು, ನಿನಗೇ ಅಸಹ್ಯ."

"ನಿನಗೇನು, ಅಭ್ಯಾಸ ಆಗಿದೆ. ಅದೇ ಕೆಲಸ ನಿಂದು."

"ಹೌದು, ಅದೇ ಕೆಲಸ. ಅಕ್ಕ, ಆ ಚೀಟಿ ಮೇಲೆ ಹೆಸರು ಇದ್ದೋರಲ್ಲಿ ಒಬ್ಬರ ಅರ್ಧ ಶ್ವಾಸಕೋಶ ಇವತ್ತು ಬೆಳಿಗ್ಗೆ ಮುಚ್ಚಿಹೋಗಿತ್ತು. ನೀನು ಉಗುಳಿದ ಬಾಟಲಿ ಮೇಲೆ ಅವರು ಕಲ್ಲಿನ ಥರ ಇದ್ದಾರೆ ಅಂತ ಬರೆಸೋಕೆ ಹೊರಟಿದ್ರಿ."

ಅಕ್ಕ ಕೈಯಲ್ಲಿದ್ದ ಬಟ್ಟೆಯನ್ನು ಪಕ್ಕಕ್ಕಿಟ್ಟಳು. ಕಣ್ಣು ತುಂಬಿದ ಹಾಗೂ ಕಂಡಿತು. ತಂಗಿಯ ಮನಸ್ಸು ಒಂದು ಗಳಿಗೆ ಮೆತ್ತಗಾಯಿತು. ಚಿಕ್ಕವರಿದ್ದಾಗ ಜ್ವರ ಬಂದರೆ ಹಣೆಗೆ ಬಟ್ಟೆ ಹಾಕುತ್ತಿದ್ದವಳು ಇವಳೇ ತಾನೆ, ಏನಾದರೂ ಹೇಳುತ್ತಾಳೆ ಎಂದು ಕಾದಳು.

"ಅವರನ್ನ ಮುಟ್ಟಿದ ಮೇಲೆ ಕೈ ತೊಳ್ಕೊಂಡು ತಾನೇ ಬಂದಿದ್ದು?" ಎಂದಳು ಅಕ್ಕ.

ಕಾಫಿ ಹಾಗೇ ಬಿಟ್ಟು ಎದ್ದು ಬಂದಳು.

ಎರಡು ದಿನ ಕೂತು ರಿಪೋರ್ಟು ಬರೆದಳು. ಮೊದಲು ಬಂದ ಒಂಬತ್ತು ಬಾಟಲಿ ಕಫವಲ್ಲ, ಇಬ್ಬರ ಎಂಜಲು, ಅದರಲ್ಲೊಬ್ಬರು ಹೆಂಗಸು. ಆಮೇಲೆ ಮಾತ್ರೆ ನಿಲ್ಲಿಸಿ, ಬಿಸಿನೀರು ಕುಡಿಸಿ, ತಾನೇ ಎದುರು ನಿಂತು ತೆಗೆದುಕೊಂಡ ಎಂಟು ಜನರ ಕಫದಲ್ಲಿ ಆರು ಜನರದು ಕೆಟ್ಟಿದೆ; ಒಂಬತ್ತನೆಯವರು ಆಸ್ಪತ್ರೆಯಲ್ಲಿದ್ದಾರೆ. ದೊಡ್ಡ ಡಾಕ್ಟರು ಓದಿ, "ಇಷ್ಟೊಂದು ಯಾಕೆ?" ಎಂದು ಪಕ್ಕಕ್ಕಿಟ್ಟರು. ಸಹಿ ಹಾಕಲಿಲ್ಲ. ಅವಳು ತನ್ನ ಸಹಿಯನ್ನೇ ಹಾಕಿ ಸಾರಿಗೆ ಕಚೇರಿಗೆ ತಾನೇ ಹೋಗಿ ಕೊಟ್ಟು, ಕೊಟ್ಟದ್ದಕ್ಕೆ ಮುದ್ರೆ ಹಾಕಿಸಿಕೊಂಡು ಬಂದಳು.

ಒಂದು ವಾರದ ಮೇಲೆ ಅಲ್ಲಿಂದ ಅಧಿಕಾರಿಯೊಬ್ಬರು ಫೋನು ಮಾಡಿದರು.

"ಮೇಡಂ, ಕಫದ ಬಗ್ಗೆ ನಾಲ್ಕು ಪುಟ ಬರೆದಿದ್ದೀರಿ. ನಾವು ಊಟದ ಹೊತ್ತಲ್ಲಿ ಓದ್ತಾ ಇದ್ವಿ."

"ಊಟ ಆದ್ಮೇಲೆ ಓದಿ ಸರ್."

"ಫಿಟ್ ಅಥವಾ ಅನ್‌ಫಿಟ್, ಒಂದು ಪದ ಸಾಕಿತ್ತಲ್ಲ?"

"ಹಾಗಾದ್ರೆ ಬರ್ಕೊಳ್ಳಿ. ಗ್ಯಾರೇಜು ಅನ್‌ಫಿಟ್."

ಆ ಅಧಿಕಾರಿಗೆ ಎಷ್ಟು ಅರ್ಥವಾಯಿತೋ ತಿಳಿಯದು. ಆದರೆ ಮುದ್ರೆ ಬಿದ್ದ ಕಾಗದ ಕಡತದಲ್ಲಿ ಕೂತಿತ್ತಲ್ಲ, ನಾಳೆ ಯಾರಾದರೂ ಸತ್ತರೆ ಅದು ತನ್ನ ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ ಎಂಬುದು ಖಂಡಿತ ಅರ್ಥವಾಗಿತ್ತು. ಗುತ್ತಿಗೆ ಕೊಡುವುದನ್ನು ನಾಲ್ಕು ತಿಂಗಳು ಮುಂದೂಡಿದರು. ಫ್ಯಾನು ಓಡಬೇಕು, ಒಳ್ಳೆಯ ಮಾಸ್ಕು ಕೊಡಬೇಕು, ಪುಟ್ಟಿಯನ್ನು ನೀರು ಹಾಕಿ ತಿಕ್ಕಬೇಕು, ಆರು ತಿಂಗಳಿಗೊಮ್ಮೆ ಕಫ ಪರೀಕ್ಷೆ ಆಗಬೇಕು ಎಂದು ಷರತ್ತು ಹಾಕಿದರು. ಭಾವ ಮೈ ಪರಚಿಕೊಂಡ. ನೋಡಲು ಬರುವ ದಿನಕ್ಕಷ್ಟೇ ಫ್ಯಾನು ಹಾಕಿ ಮರುದಿನ ವೈರು ಕೀಳಿಸುವುದು ಅವನ ಎಣಿಕೆ. ವೈರು ಕೀಳಿಸಿಯೂ ಕೀಳಿಸಿದ. ಆದರೆ ಮೇಸ್ತ್ರಿಯ ಎದೆಯಿಂದ ಬಂದದ್ದರ ಫೋಟೋ ಅಷ್ಟರಲ್ಲಿ ಕೆಲಸಗಾರರ ಫೋನುಗಳಲ್ಲೆಲ್ಲ ಓಡಾಡಿತ್ತು. ಯಾರು ಕಳಿಸಿದರೆಂದು ಅವಳು ಯಾರಿಗೂ ಹೇಳಲಿಲ್ಲ. ಆವತ್ತು ಯಾರೂ ಗನ್ನು ಮುಟ್ಟಲಿಲ್ಲ. ಮಧ್ಯಾಹ್ನದವರೆಗೂ ಎಂಟು ಜನ ಬಾಗಿಲ ಹೊರಗೆ ಕೂತರು. ಮಧ್ಯಾಹ್ನದ ಮೇಲೆ ಫ್ಯಾನು ಓಡಿತು, ಆಮೇಲೆ ನಿಲ್ಲಲಿಲ್ಲ. ನಾಲ್ಕು ತಿಂಗಳ ಮೇಲೆ ಗುತ್ತಿಗೆಯೂ ಸಿಕ್ಕಿತು. ಬಸ್ಸುಗಳ ಮೇಲೆ ಅಲ್ಲಲ್ಲಿ ಧೂಳಿನ ಕಾಳು ಕೂತದ್ದು ನಿಜ. ಯಾವ ಪ್ರಯಾಣಿಕನೂ ಅದನ್ನು ನೋಡಿ ಬಸ್ಸು ಹತ್ತದೆ ಬಿಡಲಿಲ್ಲ.

ಮೇಸ್ತ್ರಿ ಬದುಕಿಕೊಂಡರು. ಎದೆ ಮೊದಲಿನಂತಾಗಲಿಲ್ಲ, ಮಹಡಿ ಹತ್ತಿದರೆ ನಡುವೆ ನಿಲ್ಲಬೇಕು. ಗನ್ನು ಬಿಟ್ಟು ಗೇಟಿನ ಬಳಿ ಕುರ್ಚಿ ಹಾಕಿಕೊಂಡು, ಹೊಸಬರಿಗೆ ಬಣ್ಣ ಬೆರೆಸುವುದನ್ನು ಕೂತಲ್ಲಿಂದಲೇ ಹೇಳಿಕೊಡುತ್ತಿದ್ದರು.

ಆರು ತಿಂಗಳಿಗೆ ನೆಂಟರ ಮನೆಯೊಂದರಲ್ಲಿ ಎಲ್ಲರೂ ಸೇರಿದ್ದರು. ಊಟಕ್ಕೆ ಕೂತಾಗ ಭಾವ ನಾಲ್ಕು ಜನರ ನಡುವೆ ದೊಡ್ಡ ದನಿಯಲ್ಲಿ ಹೇಳುತ್ತಿದ್ದ: "ಕೆಲಸಗಾರರ ಆರೋಗ್ಯ ಅಂದ್ರೆ ನನಗೆ ಪ್ರಾಣ. ಈ ಊರಲ್ಲಿ ಎಷ್ಟು ಗ್ಯಾರೇಜಲ್ಲಿ ಫ್ಯಾನ್ ಇದೆ ಹೇಳಿ? ಆರು ತಿಂಗಳಿಗೆ ಒಂದ್ಸಲ ಕಫ ಟೆಸ್ಟು, ತಪ್ಪಿಸಂಗೇ ಇಲ್ಲ. ನಮ್ಮ ನಾದಿನೀನೇ ಲ್ಯಾಬಲ್ಲಿರೋದು, ನಾನೇ ಹೇಳಿ ಮಾಡಿಸ್ತೀನಿ."

ನೆಂಟರು ಮೆಚ್ಚಿಕೊಂಡು ಅವಳ ಕಡೆ ತಿರುಗಿದರು. ಅವಳು ತಿದ್ದಲಿಲ್ಲ. ಅವನನ್ನು ತಿದ್ದುವುದಕ್ಕೂ ಅವನ ಮೇಲೆ ಒಂದಿಷ್ಟು ಗೌರವ ಬೇಕಿತ್ತು, ಅದು ಅವಳ ಬಳಿ ಇರಲಿಲ್ಲ. ಅನ್ನ ಕಲಸಿಕೊಳ್ಳುತ್ತಾ, "ಹೌದು, ನಾಳೆ ಬೆಳಿಗ್ಗೆನೇ ಹೋಗ್ಬೇಕು," ಎಂದಳಷ್ಟೆ.

ಮರುದಿನ ಹೋದಳು. ಈ ಸಲ ಯಾರೂ ನಾಚಿಕೊಳ್ಳಲಿಲ್ಲ. ಒಬ್ಬರಾದ ಮೇಲೊಬ್ಬರು ಗೋಡೆಗೆ ಮುಖ ಮಾಡಿ, ಎದೆಯ ತಳದಿಂದ ಕೆಮ್ಮಿ, ಬಾಟಲಿಯ ಮುಚ್ಚಳ ಬಿಗಿಮಾಡಿ ತಂದುಕೊಟ್ಟರು. ಮೇಸ್ತ್ರಿ ಎಲ್ಲರಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡರು. ಕೊನೆಗೆ ಕಣ್ಣಲ್ಲಿ ನೀರು ತುಂಬಿಕೊಂಡು ಬಾಟಲಿ ಚಾಚಿ, "ನೋಡಮ್ಮ, ಸಾಕಾ?" ಎಂದರು. ಅವಳು ಬೆಳಕಿಗೆ ಹಿಡಿದು ನೋಡಿ, "ಸಾಕು, ಚೆನ್ನಾಗಿದೆ," ಎಂದು ಅವರ ಹೆಸರಿನ ಚೀಟಿ ಅಂಟಿಸಿದಳು.